ಊಟದ ಕೋಣೆಯ ಗೋಡೆ

“ಊಟದ ಕೋಣೆಯ ಆ ಗೋಡೆ ಮಾತ್ರ ಮುಟ್ಟಬೇಡಿ,” ಎಂದರು ಮನೆಯೊಡತಿ.

“ಯಾಕೆ, ಮುಟ್ಟಿದರೆ ಮುನಿಯುತ್ತಾ?” ವಾಸ್ತುಶಿಲ್ಪಿ ನಕ್ಕ.

ದೊರೆಗಳ ಕಾಲದ ಆ ತೋಟದ ಬಂಗಲೆಯನ್ನು ಹೋಟೆಲಾಗಿ ಮಾಡುವ ಕೆಲಸ ಹಿಡಿದು, ಹೆಂಡತಿಯ ಜೊತೆ ಬಂದಿದ್ದ. ಬಂದಾಗಿನಿಂದ ಎಲ್ಲಕ್ಕೂ ಮೂಗು ಮುರಿಯುತ್ತಿದ್ದ. ಸುತ್ತಲೂ ಜಗಲಿ, ಆನೆಕಾಲಿನಂಥ ಕಂಬಗಳು, ಕೂಗಿದರೆ ಮಾರ್ದನಿಸುವ ಚಾವಣಿ. ಅಡುಗೆಮನೆ ಮಾತ್ರ ಅಂಗಳದಾಚೆ, ಆಳುಗಳ ಬೆವರು ದೊರೆಯ ಮೂಗಿಗೆ ಬಡಿಯದಿರಲೆಂದು.

“ದೊರೆ ತನ್ನ ಜಂಭಕ್ಕೆ ಸುಣ್ಣ ಬಳಿದಿದ್ದಾನೆ, ಅಷ್ಟೇ. ಈ ಗೋಡೆಯಂತೂ ಚಾವಣಿಯನ್ನೂ ಹೊತ್ತಿಲ್ಲ. ದಂಡಪಿಂಡ.”

ಒಡತಿ ದನಿ ತಗ್ಗಿಸಿದರು. ಗೋಡೆ ಕಟ್ಟುತ್ತಿದ್ದ ಗಾರೆಯವನ ಹೆಂಡತಿ ಅತ್ತ ಮನೆಯಲ್ಲಿ ಸಾಯುತ್ತಿದ್ದಳಂತೆ. ಕಾಲು ಹಿಡಿದರೂ ದೊರೆ ಕಳಿಸಲಿಲ್ಲ. ಸಾವಿನ ಸುದ್ದಿ ಬಂದ ದಿನ ಗಾರೆಯವನು ತನ್ನ ಕೂದಲು, ರಕ್ತ ಕಲಸಿ ಮಾಟ ಮಾಡಿ ಗೋಡೆಯೊಳಗೆ ಮುಚ್ಚಿದ. ಅಲ್ಲೇ ಪ್ರಾಣ ಬಿಟ್ಟ.

“ಇದನ್ನು ಒಡೆದವನು ನನ್ನ ಬದಲು ಇಲ್ಲೇ ಇರಲಿ, ಅವನ ಮನೆಗೆ ನಾನು ಹೋಗ್ತೀನಿ ಅಂದನಂತೆ.”

“ಹೋಗಲಿ ಬಿಡಿ. ನನಗೂ ಮನೆ ಸಾಕಾಗಿದೆ.”

“ಬೇಡ ರೀ,” ಎಂದಳು ಹೆಂಡತಿ.

“ತಲೆ ಓಡದ ಕಡೆ ಬಾಯಿ ಓಡಿಸಬೇಡ. ಹೊರಗೆ ಹೋಗಿ ಕೂತಿರು.”

ಹೊರಗೆ ಸುಡು ಮಧ್ಯಾಹ್ನ. ಕಿಟಕಿಗಳು ತೇವಕ್ಕೆ ಊದಿ ಬಿಗಿದುಕೊಂಡ ಆ ಕೋಣೆಯಲ್ಲಿ ಮಾತ್ರ ಕತ್ತಲು ಹೆಪ್ಪುಗಟ್ಟಿತ್ತು. ಉಳಿಯಿಟ್ಟು ಬಡಿದ. ಗಾರೆ ಉದುರಿತು. ನಿನ್ನೆ ಮೊನ್ನೆ ಕಲಸಿದಂಥ ಹಸಿ ಸುಣ್ಣದ ವಾಸನೆ. ಅದರ ಹಿಂದೆಯೇ ಸುಟ್ಟ ಕೂದಲಿನ ಕಮಟು. ತೂತಿನೊಳಗೆ ಕೈ ಹಾಕಿದ. ಒಳಗೆ ಬೆಚ್ಚಗಿತ್ತು. ಏನೋ ಅವನ ಬೆರಳನ್ನು ಹಿಡಿಯಿತು. ಎಳೆದ. ಬಿಡಲಿಲ್ಲ. ಮತ್ತೆ ಎಳೆದ. ಬಿಟ್ಟಿತು. ಬೆನ್ನ ಹಿಂದೆ ಯಾರೋ ಉಸಿರೆಳೆದರು. ಓಡಿದ.

ಜಗಲಿಯಲ್ಲಿ ಹೆಂಡತಿ ಒಡತಿಯ ಜೊತೆ ನಿಂತಿದ್ದಳು. “ಕಾರು ಹತ್ತು, ಹೋಗೋಣ,” ಎನ್ನುತ್ತ ಅವಳ ಕೈ ಹಿಡಿಯಹೋದ.

ಅವಳು ಹಿಂದೆ ಸರಿದಳು. ಸುಣ್ಣ ಮೆತ್ತಿದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಚಪ್ಪಲಿಗೆ ಅಂಟಿದ ಕೆಸರನ್ನು ನೋಡುವ ಹಾಗೆ.

“ಯಾರಯ್ಯಾ ನೀನು? ದೂರ ನಿಂತು ಮಾತಾಡು.”

“ನಾನು ಕಣೇ. ನಿನ್ನ ಗಂಡ.”

“ನಿಮ್ಮ ಆಳು ಕುಡಿದಿರೋ ಹಾಗಿದೆ,” ಎಂದಳು ಒಡತಿಗೆ. ಒಡತಿ ಸೆರಗನ್ನು ಬಾಯಿಗೊತ್ತಿಕೊಂಡು ನೆಲ ನೋಡಿದರು.

ಹೆಂಡತಿ ಬಾಗಿಲ ಕಡೆ ತಿರುಗಿ ಕರೆದಳು. “ರೀ, ಇನ್ನೂ ಎಷ್ಟು ಹೊತ್ತು?”

ಒಳಗಿನಿಂದ ಉತ್ತರ ಬಂತು. ಅವನದೇ ದನಿ. ಆದರೆ ಅವನು ಎಂದೂ ಅವಳೊಡನೆ ಆಡದಷ್ಟು ಮೃದುವಾಗಿತ್ತು.

“ಬಂದೆ ಕಣೇ. ಇನ್ನು ಮನೆಗೆ ಹೋಗೋಣ.”