ಹಸಿರು ಡಿಸ್ಕು ಕೇಳಿದ ಹೆಸರು

“ಮತ್ತೆ ಕೇಳ್ತಾ ಇದೆ ಅಜ್ಜ,” ಎಂದಳು ನೆವೆನಾ, ಕಂಪ್ಯೂಟರಿನ ಪರದೆ ನೋಡುತ್ತಾ. “ತಾಯಿಯ ಹೆಸರು ಕೊಡಿ ಅಂತ.”

“ಯಾರ ತಾಯಿಯದ್ದು?”

“ನಿನ್ನ ಅಪ್ಪನ ತಾಯೀದು.”

ರಾಡುಲೆ ಅಜ್ಜ ಕಾಫಿ ಲೋಟವನ್ನು ಟಕ್ಕೆಂದು ಮೇಜಿನ ಮೇಲೆ ಕುಕ್ಕಿದ. “ಅದಕ್ಯಾಕೆ ಬೇಕು ಈ ಉಸಾಬರಿ? ನಾನು ಹದಿನಾಲ್ಕು ತಲೆಮಾರು ಬಾಯಲ್ಲೇ ಹೇಳ್ತೀನಿ. ನಮ್ಮಜ್ಜ ಪೆರೊ, ಅವನಪ್ಪ ಸಿಮೊ, ಅವನಪ್ಪ ವುಕ್... ಸಾಲದಾ? ತೆಗಿ ಆ ಹಸಿರು ಡಿಸ್ಕು. ನೀಲೀದು ಹಾಕು.”

ಅಪ್ಪ ಹೋದ ತಿಂಗಳು ಕಂಪ್ಯೂಟರ್ ತಂದು ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದ. ಬೀದಿ ಕೊನೆಯ ಅಂಗಡಿಯ ರೈಕೊ, ವಂಶವೃಕ್ಷ ಬರೆಯುವ ಪ್ರೋಗ್ರಾಮಿನ ಎರಡು ಡಿಸ್ಕು, ಒಂದು ಹಸಿರು ಒಂದು ನೀಲಿ, ಕೊಟ್ಟು, “ಎರಡನ್ನೂ ನೋಡಿ. ಒಂದು ಇಟ್ಕೊಳ್ಳಿ, ಒಂದನ್ನ ಶನಿವಾರ ವಾಪಸ್ ಕೊಡಿ,” ಎಂದಿದ್ದ. ಮುಂದಿನ ವಾರ ಮನೆತನವನ್ನು ಕಾಯುವ ಸಂತನ ಹಬ್ಬ. ಅವತ್ತು ಕರೆಯದೆಯೇ ನಲವತ್ತು ಜನ ಬರುತ್ತಾರೆ. ಅಷ್ಟರಲ್ಲಿ ವಂಶವೃಕ್ಷ ಪ್ರಿಂಟ್ ಆಗಿ ಗೋಡೆಯ ಮೇಲೆ ಇರಬೇಕು ಎಂದು ಅಜ್ಜನ ಆಸೆ. ಮನೆಯಲ್ಲಿ ಬೇಗ ಟೈಪ್ ಮಾಡಲು ಬರುತ್ತಿದ್ದದ್ದು ನೆವೆನಾಗೆ ಮಾತ್ರ. ಹಾಗಾಗಿ ಆರಿಸುವ ಕೆಲಸವೂ ಅವಳದೇ.

ನೀಲಿ ಡಿಸ್ಕು ಸಾಧು ಪ್ರಾಣಿ. ಏನನ್ನೂ ಕೇಳಲಿಲ್ಲ. ಅಪ್ಪ, ಮಗ, ಅವನ ಮಗ ಎಂದು ಕೊಟ್ಟದ್ದನ್ನೆಲ್ಲ ತೆಗೆದುಕೊಂಡಿತು. ಅಜ್ಜ ಕಣ್ಣುಮುಚ್ಚಿ ಹೇಳುತ್ತಾ ಹೋದ, ನೆವೆನಾ ಪಟಪಟ ಬರೆಯುತ್ತಾ ಹೋದಳು. ಕೊನೆಯ ಸಾಲು ಬಂತು.

“ವುಕಾಲ್ ಅಂತ ಬರಿ. ಮುಗೀತು.”

ಮೂರು ವರ್ಷದ ತಮ್ಮ ವುಕಾಲ್ ಮೇಜಿನ ಕೆಳಗೆ ಒಂದು ಚಮಚವನ್ನು ಲಾರಿ ಮಾಡಿ ಓಡಿಸುತ್ತಿದ್ದ.

“ಮತ್ತೆ ನಾನು?”

“ಹೆಣ್ಣುಮಕ್ಕಳನ್ನ ಬರೆಯಲ್ಲ ಪುಟ್ಟಿ. ನೀನು ನಾಳೆ ಇನ್ನೊಂದು ಮನೆಗೆ ಹೋಗೋಳು.”

“ಆ ಮನೇಲಿ ಬರೀತಾರಾ?”

“ಅಲ್ಲೂ ಗಂಡಸರನ್ನೇ ಬರೆಯೋದು.”

“ಹಾಗಾದ್ರೆ ನಾನು ಎಲ್ಲಿ ಇರ್ತೀನಿ?”

ಅಜ್ಜ ಖಾಲಿ ಲೋಟದೊಳಗೆ ಇಣುಕಿದ. “ಇದು ಮೊದಲಿಂದ ಹೀಗೇ ಕಣೇ. ನಾನು ಮಾಡಿದ್ದಲ್ಲ.”

ನೆವೆನಾ ಎದುರು ವಾದಿಸಲಿಲ್ಲ. ಹಟಮಾರಿ ಕತ್ತೆಯನ್ನು ಎದುರು ನಿಂತು ಎಳೆದರೆ ಅದು ಹಿಂದಕ್ಕೇ ಹೋಗುತ್ತದೆ ಎಂದು ಅಜ್ಜನೇ ಅವಳಿಗೆ ಕಲಿಸಿದ್ದ.

“ಅಜ್ಜ, ಪಕ್ಕದ ಮನೆ ಬ್ಲಾಗೊತಾ ತಾತ ನಮಗೆ ನೆಂಟರು ಅಲ್ವಾ?”

“ಊರಿಗೇ ಗೊತ್ತು! ಹಬ್ಬದ ದಿನ ಮೊದಲು ಬಾಗಿಲು ತಟ್ಟೋದು ಅವನೇ. ನಾವಿಬ್ಬರೂ ಒಂದೇ ರಕ್ತ.”

“ಇಲ್ಲಿ ‘ಸಂಬಂಧ’ ಅಂತ ಒಂದು ಬಟನ್ ಇದೆ. ನೋಡೋಣ್ವಾ?”

ಅಜ್ಜ ಖುಷಿಯಿಂದ ಬ್ಲಾಗೊತಾನ ಕಡೆಯ ಎಂಟು ತಲೆಮಾರನ್ನೂ ಗಡಗಡ ಹೇಳಿದ. ನೆವೆನಾ ಬರೆದು ಬಟನ್ ಒತ್ತಿದಳು.

ನೀಲಿ ಡಿಸ್ಕು ಹೇಳಿತು: ಇವರಿಬ್ಬರಿಗೆ ಯಾವ ಸಂಬಂಧವೂ ಇಲ್ಲ.

“ಸುಳ್ಳು!” ಅಜ್ಜ ಎದ್ದೇ ನಿಂತ. “ಈ ಡಬ್ಬಕ್ಕೇನು ಗೊತ್ತು? ಅವನ ಅಜ್ಜನ ತಂಗೀನೇ ನನ್ನ ಅಜ್ಜಿ!”

“ಆ ತಂಗಿ ಎಲ್ಲಿ ಅಜ್ಜ? ನಾವು ಬರೆದೇ ಇಲ್ವಲ್ಲ.”

ಅಜ್ಜ ಪರದೆಯ ಮೇಲಿನ ಹೆಸರುಗಳಲ್ಲಿ ಮೇಲಿಂದ ಕೆಳಗೆ ಒಮ್ಮೆ ಹುಡುಕಿದ.

“ಇದನ್ನೇ ಗೋಡೆಗೆ ಹಾಕಿದ್ರೆ ಬ್ಲಾಗೊತಾ ತಾತ ಬಂದು ನೋಡ್ತಾರೆ,” ಎಂದಳು ನೆವೆನಾ ಮೆಲ್ಲಗೆ.

“ಹಾಕೇ, ಆ ಹಸಿರು ಪಿಶಾಚೀನ ಹಾಕು.”

ನೆವೆನಾ ಎರಡೂ ಮನೆಯ ಹೆಸರುಗಳನ್ನು ಅದಕ್ಕೂ ಟೈಪ್ ಮಾಡಿದಳು. ಹಸಿರು ಡಿಸ್ಕು ಪುನಃ ಕೆಂಪು ಅಂಚಿನ ಖಾಲಿ ಪೆಟ್ಟಿಗೆ ತೋರಿಸಿತು. ತಾಯಿಯ ಹೆಸರು?

“ಪೆರೊವಿತ್ಸಾ.”

“ಅಂದ್ರೆ ಪೆರೊನ ಹೆಂಡತಿ ಅಂತ ಆಯ್ತು. ಅವಳ ಸ್ವಂತ ಹೆಸರು?”

“ಊರೆಲ್ಲ ಹಾಗೇ ಕರೀತಿತ್ತು. ನಾನು ಅಜ್ಜಿ ಅಂತಿದ್ದೆ.”

“ಗೋರಿಕಲ್ಲಿನ ಮೇಲೆ ಏನು ಬರೆದಿದೆ?”

“ಪೆರೊ ಮತ್ತು ಅವನ ಹೆಂಡತಿ.” ಅಜ್ಜ ಕುರ್ಚಿಯಲ್ಲಿ ಕುಸಿದ. ಅವನ ದನಿ ಸಣ್ಣದಾಗಿತ್ತು. “ಇಪ್ಪತ್ತು ವರ್ಷ ಅವಳ ಕೈಯ ರೊಟ್ಟಿ ತಿಂದಿದ್ದೀನಿ. ಹೆಸರು ಏನು ಅಂತ ಒಂದಿನ ಕೇಳಲಿಲ್ಲ.”

“ಗೊಸ್ಪಾವಾ,” ಎಂದಿತು ಒಲೆಯ ಕಡೆಯಿಂದ ಒಂದು ದನಿ.

ಕೊಸಾರಾ ಅಜ್ಜಿ. ಅವಳು ಈ ಕಡೆ ತಿರುಗಿಯೂ ನೋಡಲಿಲ್ಲ. ಉದ್ದನೆಯ ಕೋಲಿನಿಂದ ಜೋಳದ ಹಿಟ್ಟಿನ ಮುದ್ದೆ ತಿರುವುತ್ತಲೇ ಇದ್ದಳು. “ನಾನು ಸೊಸೆಯಾಗಿ ಬಂದ ಮೇಲೆ ಎರಡು ವರ್ಷ ಬದುಕಿದ್ದಳು. ಗಂಡಸರು ಏನಾದ್ರೂ ಕರಕೊಳ್ಳಲಿ. ಒಲೆ ಮುಂದೆ ನಾವು ನಾವು ಹೆಸರು ಹಿಡಿದೇ ಕರೀತಿದ್ವಿ.”

“ನನಗ್ಯಾಕೆ ಹೇಳಲಿಲ್ಲ?”

“ನೀವು ಯಾವಾಗ ಕೇಳಿದ್ರಿ?”

ನೆವೆನಾ ಬರೆದಳು: ಗೊಸ್ಪಾವಾ. ಪಕ್ಕದಲ್ಲಿ ಅವಳ ಅಣ್ಣನನ್ನು, ಅಂದರೆ ಬ್ಲಾಗೊತಾನ ಅಜ್ಜನನ್ನು, ಸೇರಿಸಿ ಬಟನ್ ಒತ್ತಿದಳು. ರಾಡುಲೆ ಎಂಬ ಹೆಸರಿನಿಂದ ಒಂದು ಗೆರೆ ಹೊರಟಿತು. ಅದು ಮೇಲೇರಿ ಗೊಸ್ಪಾವಾಳನ್ನು ಮುಟ್ಟಿತು. ಅಲ್ಲಿಂದ ಅವಳ ಅಣ್ಣನ ಕಡೆ ತಿರುಗಿ, ಕೆಳಗಿಳಿದು ನೇರವಾಗಿ ಬ್ಲಾಗೊತಾನ ಹತ್ತಿರ ಬಂದು ನಿಂತಿತು.

ಅಜ್ಜ ಆ ಗೆರೆಯ ಮೇಲೆ ಬೆರಳಾಡಿಸಿದ. ಪರದೆಯ ಮೇಲೆ ಬೆರಳಿನ ಗುರುತು ಉಳಿಯಿತು.

“ನೀಲೀದನ್ನ ರೈಕೊಗೆ ವಾಪಸ್ ಕೊಡು,” ಎಂದ. “ಮತ್ತೆ, ಕೆಳಗೆ ನಿನ್ನ ಹೆಸರೂ ಬರಿ. ವುಕಾಲ್‌ಗಿಂತ ಮುಂಚೆ. ನೀನೇ ತಾನೆ ದೊಡ್ಡೋಳು.”

ನೆವೆನಾಳ ಬೆರಳು ಕೀಲಿಗಳ ಮೇಲೆ ಹೋದವು. ಇಷ್ಟು ಹೊತ್ತು ಅವಳು ಕಾದಿದ್ದದ್ದು ಇದಕ್ಕೇ. ಆದರೆ ಅವಳ ಕಣ್ಣು ಮೇಲಕ್ಕೆ ಹೋಯಿತು. ಸಿಮೊನ ಪಕ್ಕ ಒಂದು ಖಾಲಿ ಪೆಟ್ಟಿಗೆ. ವುಕ್‌ನ ಪಕ್ಕ ಇನ್ನೊಂದು. ಅದರ ಮೇಲೆ ಮತ್ತೊಂದು. ಎಲ್ಲಕ್ಕೂ ಕೆಂಪು ಅಂಚು. ಅವರೂ ಯಾರಿಗೋ ರೊಟ್ಟಿ ಮಾಡಿ ಬಡಿಸಿದವರೇ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

“ಅಜ್ಜೀ, ಇಲ್ಲಿ ಬಾ. ಸಿಮೊನ ಹೆಂಡತಿ ಹೆಸರು ಗೊತ್ತಾ? ಗೊಸ್ಪಾವಾ ಯಾವತ್ತಾದ್ರೂ ಹೇಳಿದ್ದಳಾ?”

“ಹೇಳಿರ್ತಾಳೆ, ನೆನಪು ಮಾಡ್ಕೋಬೇಕು. ಈಗ ಬಂದ್ರೆ ಮುದ್ದೆ ತಳ ಹಿಡಿಯತ್ತೆ ಕಣೇ!”

ಅಜ್ಜ ಎದ್ದು ಹೋಗಿ ಅವಳ ಕೈಯಿಂದ ಕೋಲು ತೆಗೆದುಕೊಂಡ. “ನಾನು ತಿರುವುತೀನಿ. ನೀನು ಹೋಗು.”

“ನೀವಾ? ಒಂದೇ ಕಡೆ ತಿರುವಬೇಕು, ಗೊತ್ತಾ?”

“ಹೋಗೇ ಮಾರಾಯ್ತಿ!”

ನೆವೆನಾ ಇನ್ನೊಂದು ಕುರ್ಚಿ ಎಳೆದು ತನ್ನ ಪಕ್ಕಕ್ಕೆ ಹಾಕಿದಳು. ತನ್ನ ಹೆಸರನ್ನು ಕೊನೆಗೆ ಬರೆದರೂ ಆಗುತ್ತಿತ್ತು. ಅದನ್ನು ಯಾರೂ ಮರೆಯುವಂತಿರಲಿಲ್ಲ.