ಬಿಳಿ ತೇಪೆಯ ಕೋಟು

ಮೊದಲ ಏಟು ಬಿದ್ದದ್ದು ಮೂಗಿಗೆ!

ಬಾಗಿಲು ತೆರೆದ ಟ್ರೈಫೀನಾ ಎದುರಿಗೆ ನಿಂತ ವೇಷದವನನ್ನು ಒಂದೇ ಗಳಿಗೆ ನೋಡಿದ್ದಳು. ಮುಖ ಮುಚ್ಚುವ ಹಾಗೆ ಕಿಟಕಿಯ ಜಾಲರಿ ಪರದೆ, ತಲೆಗೆ ಹೆಂಗಸರ ಟೋಪಿ, ಬೆನ್ನಿಗೆ ದಿಂಬು ಕಟ್ಟಿ ಮಾಡಿಕೊಂಡ ಗೂನು. ಅದರಲ್ಲೇನೂ ವಿಶೇಷವಿರಲಿಲ್ಲ. ಹಬ್ಬದ ಹನ್ನೆರಡು ದಿನ ಮುಗಿಯುವ ಹಳೇ ಕ್ರಿಸ್‌ಮಸ್ಸಿನ ಈ ಕೊನೆಯ ಸಂಜೆ ಇಂಥವರು ಮನೆಮನೆಗೂ ಬರುತ್ತಾರೆ, ವೇಷದೊಳಗೆ ಯಾರೆಂದು ಮನೆಯವರು ಊಹಿಸಬೇಕು.

ಆದರೆ ಆ ಕೋಟು!

ಸೀಲ್ ಪ್ರಾಣಿಯ ಕಪ್ಪು ಚರ್ಮದ ಕೋಟು. ಎಡತೋಳಿಗೆ ಬಿಳಿ ಚರ್ಮದ ತೇಪೆ. ಆ ತೇಪೆಯ ಒಂದೊಂದು ಹೊಲಿಗೆಯೂ ಅವಳ ಕೈಯದೇ.

'ಹೆಡ್ಲಿ... ನಲವತ್ತು ವರ್ಷ ಆದ್ಮೇಲೆ ಅದೇ ಕೋಟು ಹಾಕ್ಕೊಂಡು ನನ್ನ ಬಾಗಿಲಿಗೆ ಬಂದ್ಯಾ? ಎಷ್ಟು ಧೈರ್ಯ ನಿಂಗೆ!'

"ವೇಷದವರು ಒಳಗೆ ಬರಬಹುದಾ?" ಉಸಿರನ್ನು ಒಳಗೆಳೆದುಕೊಳ್ಳುತ್ತಾ, ಗುರುತು ಸಿಗದ ಕೀರಲು ದನಿಯಲ್ಲಿ ಅವನು ಕೇಳಿದ.

ಒಲೆ ಕೆದಕುತ್ತಿದ್ದ ಕಬ್ಬಿಣದ ಸಲಾಕೆ ಅವಳ ಕೈಯಲ್ಲೇ ಇತ್ತು. ಅರವತ್ತೇಳರ ಕೈ ಅಂತ ಯಾರೂ ನಂಬಲಾರದಷ್ಟು ಜೋರಾಗಿ ಬೀಸಿದಳು.

ಜಾಲರಿ ಪರದೆ ಕೆಂಪಾಯಿತು. ವೇಷದವನು ಮಂಜುಗಡ್ಡೆ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಕುಕ್ಕರಿಸಿದ.

"ಇದು ನನ್ನ ತಮ್ಮನ ಕಾಲಿಗೆ!" ಎರಡನೇ ಏಟು ಭುಜಕ್ಕೆ ಬಿತ್ತು. "ಇದು ನಾನು ಕಾದು ಕೂತಿದ್ದ ಮದುವೆಗೆ!"

ನಮ್ಮ ಟ್ರೈಫೀನಾ ರಾಕ್ಷಸಿಯಲ್ಲ. ಕೋವ್‌ನ, ಅಂದರೆ ಈ ಪುಟ್ಟ ಕೊಲ್ಲಿಯ ದಡದ ಊರಿನ, ಅರ್ಧ ಮಕ್ಕಳಿಗೆ ಉಣ್ಣೆಯ ಕೈಗವಸು ಹೆಣೆದುಕೊಟ್ಟವಳು. ಆದರೆ ನಲವತ್ತು ವರ್ಷದ ಹಿಂದೆ ಇದೇ ದಿನ, ಇಂಥದೇ ಸಂಜೆ, ಅವಳ ತಮ್ಮ ಗಾರ್ಲ್ಯಾಂಡ್‌ನನ್ನು ಒಬ್ಬ ವೇಷದವನು ಅಂಗಳದಲ್ಲಿ ಕೆಡವಿ ದೋಣಿಯ ಹುಟ್ಟಿನಿಂದ ಬಡಿದಿದ್ದ. ಅವಳು ಲಾಂದ್ರ ಹಿಡಿದು ಓಡಿಬರುವಷ್ಟರಲ್ಲಿ ಮೊಣಕಾಲು ನುಚ್ಚುನೂರಾಗಿತ್ತು. ಬಡಿದವನು ಬೇಲಿ ಹಾರಿ ಓಡಿದ. ಅವಳಿಗೆ ಕಂಡದ್ದು ಬಿಳಿ ತೇಪೆಯ ಕಪ್ಪು ಕೋಟು ಮಾತ್ರ.

ಹೆಡ್ಲಿಯ ಕೋಟು. ವಸಂತದಲ್ಲಿ ಅವಳನ್ನು ಮದುವೆಯಾಗಬೇಕಿದ್ದ ಹೆಡ್ಲಿಯದು!

"ಅವನ ಬಾಯಿಗೆ ಮೊಣಕೈ ಹಾಕಿದೀನಕ್ಕ... ಹಲ್ಲು ಉದುರಿರ್ಬೇಕು..." ಎಂದಿದ್ದ ಗಾರ್ಲ್ಯಾಂಡ್, ಪ್ರಜ್ಞೆ ತಪ್ಪುವ ಮೊದಲು.

ಆಮೇಲೆ ಹೆಡ್ಲಿ ಮೂರು ಸಲ ಬಂದು ಬಾಗಿಲು ಬಡಿದ. ಮೂರು ಸಲವೂ ಚಿಲಕ ತೆಗೆಯಲಿಲ್ಲ. ಸಾಲದ್ದಕ್ಕೆ ಚರ್ಚಿನ ಅಂಗಳದಲ್ಲಿ ಎಲ್ಲರ ಎದುರು ಆಣೆ ಹಾಕಿದಳು: "ಆ ಮನುಷ್ಯನ ಹೊಸ್ತಿಲು ಮೆಟ್ಟಿದ್ರೆ ನನ್ನ ಕಾಲು ಮುರೀಲಿ!" ಅವನು ಹಡಗು ಹತ್ತಿ ಹೋದ, ವರ್ಷಗಳ ಮೇಲೆ ತಲೆ ನೆರೆತು ಬಂದ, ಗುಡ್ಡದ ಆಚೆ ಒಬ್ಬನೇ ಇದ್ದ. ಎದುರಿಗೆ ಸಿಕ್ಕರೆ ಇವಳು ಮುಖವನ್ನು ಸಮುದ್ರದ ಕಡೆ ತಿರುಗಿಸಿಬಿಡುತ್ತಿದ್ದಳು. ಗಾರ್ಲ್ಯಾಂಡ್ ಕುಂಟುತ್ತಲೇ ಬದುಕಿ, ಕಳೆದ ವರ್ಷ ಮಣ್ಣು ಸೇರಿದ.

"ಮುಖ ತೋರ್ಸೋ!" ಎನ್ನುತ್ತಾ ಅವಳು ಮೂರನೇ ಏಟಿಗೆ ಸಲಾಕೆ ಎತ್ತಿದಳು.

"ಅಯ್ಯೋ, ಸಾಯಿಸ್ತೀಯೇನೇ!" ವೇಷದವನು ಪರದೆ ಕಿತ್ತೆಸೆದು ಅರಚಿದ. "ಅವತ್ತು ನಿನ್ನ ತಮ್ಮ ಹಲ್ಲು ಉದುರಿಸ್ದ, ಇವತ್ತು ನೀನು ಮೂಗು ಒಡೆದೆ... ಈ ಕೋಟೇ ದರಿದ್ರ ಮಾರಾಯ್ತಿ!"

ಅದು ಹೆಡ್ಲಿ ಅಲ್ಲ! ಅಬ್ನರ್. ಹೆಡ್ಲಿಯ ಪಕ್ಕದ ಮನೆಯ ಅಬ್ನರ್. ಹಡಗಿನ ರಾಟೆ ಬಡಿದು ಮುಂದಿನ ಹಲ್ಲು ಹೋದವು ಎಂದು ಪ್ರಾಯದಿಂದಲೂ ಹೇಳಿಕೊಂಡು ಬಂದವನು.

ಸಲಾಕೆ ಗಾಳಿಯಲ್ಲೇ ನಿಂತಿತು.

"ಅವತ್ತು ಅಂದ್ರೆ... ಯಾವತ್ತು ಅಬ್ನರ್?"

ಅಬ್ನರ್ ಬಾಯಿ ಮುಚ್ಚಿಕೊಂಡ. ಮುಚ್ಚಿಕೊಳ್ಳುವುದಕ್ಕೆ ತಡವಾಗಿತ್ತು.

ಅವಳು ಕೊರಳಪಟ್ಟಿ ಹಿಡಿದು ಅವನನ್ನು ಒಳಗೆಳೆದು ಒಲೆಯ ಪಕ್ಕದ ಕುರ್ಚಿಗೆ ನೂಕಿದಳು. ಸಲಾಕೆಯ ತುದಿ ಅವನ ಗಂಟಲಿಗೆ ತಾಕುತ್ತಿತ್ತು.

"ಹೇಳು."

"ಬಲೆ ಬಿಡೋ ಜಾಗಕ್ಕೆ ನಂಗೂ ಗಾರ್ಲ್ಯಾಂಡ್‌ಗೂ ಜಗಳ ಇತ್ತಲ್ಲ... ಕುಡಿದಿದ್ದೆ. ಗುರುತು ಸಿಗಬಾರ್ದು ಅಂತ ವೇಷಕ್ಕೆ ಎಲ್ರೂ ಬಟ್ಟೆ ಬದಲಾಯಿಸ್ಕೊಳ್ತೀವಲ್ಲ, ಅವತ್ತು ಹೆಡ್ಲಿ ತನ್ನ ಕೋಟು ನಂಗೆ ಕೊಟ್ಟಿದ್ದ. ಒಂದೇ ಏಟು ಹಾಕ್ಬೇಕು ಅಂದ್ಕೊಂಡಿದ್ದೆ ಕಣೇ... ಕೈ ನಿಲ್ಲಲಿಲ್ಲ."

"ಹೆಡ್ಲಿಗೆ ಗೊತ್ತಿತ್ತಾ?"

"ಮಾರನೇ ದಿನ ಕೋಟಿನ ಮೇಲೆ ರಕ್ತ ನೋಡ್ದ. ಕತ್ತು ಹಿಡಿದು ಗೋಡೆಗೆ ಬಡಿದ. ನಾನು ಕಾಲು ಹಿಡ್ಕೊಂಡೆ. ಹೆಂಡ್ತಿ ಬಸುರಿ, ನಾನು ಜೈಲಿಗೆ ಹೋದ್ರೆ ಈ ಚಳೀಲಿ ಅವಳು ಉಳಿಯಲ್ಲ ಅಂದೆ. ಊರಿಗೆ ಹೇಳಲ್ಲ, ನಿಂಗೆ ಮಾತ್ರ ನಿಜ ಹೇಳ್ಬೇಕು ಅಂತ ನಿಮ್ಮನೆಗೆ ಬಂದ..."

"ನಾನು ಬಾಗಿಲು ತೆಗೀಲಿಲ್ಲ," ಎಂದಳು ಟ್ರೈಫೀನಾ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಅವಳು ಕೋಟು ಕಂಡಳು, ಒಳಗಿದ್ದ ಮುಖ ಕಾಣಲಿಲ್ಲ. ಇವತ್ತೂ ಅದನ್ನೇ ಮಾಡಿದ್ದಳು!

ಸಲಾಕೆಯ ಮೇಲೆ ಅವಳ ಬೆರಳು ಬಿಗಿಯಿತು. ಇವನ ತಲೆ ಒಡೆದು ಹಾಕಿದರೆ ಕೇಳುವವರು ಯಾರು? ಹೊರಗೆ ನೆಲವೆಲ್ಲ ಗಾಜಿನಂಥ ಮಂಜುಗಡ್ಡೆ, ಜಾರಿ ಬಿದ್ದ ಎಂದರೆ ನಂಬುತ್ತಾರೆ...

"ಹೊಡಿ," ಅಬ್ನರ್ ಕಣ್ಣು ಮುಚ್ಚಿದ. "ಹೆಡ್ಲಿ ಸಾಮಾನು ಕಟ್ಟಿದ್ದು ನೋಡಿ ನಂಗೆ ತಡೆಯೋಕಾಗ್ಲಿಲ್ಲ. ಕುಡಿದೆ. ಅವನ ಮನೇಲಿ ಮೊಳೆಗೆ ನೇತಾಕಿದ್ದ ಕೋಟು ಕೈಗೆ ಬಂತು. ಬೇಕೂಂತ್ಲೇ ತಗೊಂಡೆನೋ ಏನೋ, ನಂಗೇ ಗೊತ್ತಿಲ್ಲ."

"ಸಾಮಾನು ಕಟ್ಟಿದ್ದಾನಾ? ಎಲ್ಲಿಗೆ?"

"ದೊಡ್ಡೂರಿಗೆ, ತಂಗಿ ಮಗನ ಮನೆಗೆ. ಮನೆ ಮಾರಿದ್ದಾಯ್ತು. ಬೆಳಿಗ್ಗೆ ಮಂಜುಗಡ್ಡೆ ಕರಗೋಕೆ ರಸ್ತೆಗೆ ಉಪ್ಪು ಹಾಕಿದ ಕೂಡ್ಲೇ ಬಂದು ಕರ್ಕೊಂಡು ಹೋಗ್ತಾರೆ. ಇನ್ನು ಈ ಕಡೆ ಬರಲ್ವಂತೆ."

ಸಲಾಕೆ ಕೆಳಗಿಳಿಯಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪಕ್ಕದ ಮನೆಯ ಬ್ಲಾಂಚ್ ಅತ್ತೆ! ಮಧ್ಯಾಹ್ನದಿಂದ ಕೋವ್‌ನ ಮುದುಕ ಮುದುಕಿಯರೆಲ್ಲ ಫೋನಿನಲ್ಲಿ ಇದೇ ಜಪ ಮಾಡುತ್ತಿದ್ದರು: ಇವತ್ತು ವೇಷಕ್ಕೆ ಹೊರಗೆ ಹೋಗುವುದೋ ಬೇಡವೋ? ಎಡೆಬಿಡದೆ ಸುರಿದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿತ್ತು. ಎಂಬತ್ತೆರಡರ ಬ್ಲಾಂಚ್ ಅತ್ತೆಯೇ ಕೊನೆಗೆ ಬೇಡವೆಂದು ತೀರ್ಪು ಕೊಟ್ಟಿದ್ದಳು.

"ಟ್ರೈಫೀನಾ, ನಿಮ್ಮನೆ ಕಡೆಯಿಂದ ಯಾರೋ ಅರಚಿದ್ದು ಕೇಳ್ಸಿತು ಕಣೇ. ಬಿದ್ಯಾ?"

"ಇಲ್ಲ ಅತ್ತೆ. ನಾನು ಹೆಡ್ಲಿ ಮನೆಗೆ ಹೋಗ್ತಿದೀನಿ."

"ತಲೆ ಕೆಟ್ಟಿದ್ಯಾ! ಈ ವಯಸ್ಸಲ್ಲಿ ಸೊಂಟ ಮುರಿದ್ರೆ ಎದ್ದು ಕೂರೋದು ಶವಪೆಟ್ಟಿಗೇಲೇ. ಬೆಳಿಗ್ಗೆ ಹೋಗು."

"ಬೆಳಿಗ್ಗೆ ಅವನಿರಲ್ಲ ಅತ್ತೆ."

"ಆಣೆ ಹಾಕಿದ್ಯಲ್ಲೇ ಎಲ್ರ ಮುಂದೆ?"

"ವೇಷ ಹಾಕ್ಕೊಂಡು ಹೋಗ್ತೀನಿ. ವೇಷದವರಿಗೆ ಹೆಸರಿಲ್ಲ, ಆಣೆ ಎಲ್ಲಿಂದ ಬಂತು?"

ಮುದುಕಿ ದನಿ ತಗ್ಗಿಸಿ, "ಬೂಟಿನ ಮೇಲೆ ಹಳೇ ಉಣ್ಣೆ ಕಾಲುಚೀಲ ಎಳ್ಕೋ. ಜಾರಲ್ಲ. ಮತ್ತೆ... ತಂತಿಗಳ ಕೆಳಗೆ..." ಎಂದಳು. ಅಷ್ಟಕ್ಕೇ ಫೋನು ಸತ್ತುಹೋಯಿತು. ದೀಪವೂ ಆರಿತು.

"ಕೋಟು ಬಿಚ್ಚು," ಅಂದಳು ಟ್ರೈಫೀನಾ ಅಬ್ನರ್‌ಗೆ.

"ಹೋಗ್ಬೇಡ್ವೇ, ಸಾಯ್ತೀಯ!"

"ಬಿಚ್ಚೋ! ನಾನು ಬರೋವರೆಗೂ ಒಲೆ ಆರಿದ್ರೆ, ಉಳಿದ ಹಲ್ಲೂ ಇರಲ್ಲ."

ರಕ್ತ ಮೆತ್ತಿದ ಕೋಟು ತೊಟ್ಟಳು. ರಕ್ತ ಮೆತ್ತಿದ ಪರದೆಯನ್ನೇ ಮುಖಕ್ಕೆ ಎಳೆದುಕೊಂಡಳು. ಸಲಾಕೆ ಊರುತ್ತಾ ಹೊರಗೆ ಕಾಲಿಟ್ಟಳು.

ಗಾಳಿ ಮುಖಕ್ಕೆ ಹೊಡೆಯಿತು. ಬೇಲಿ, ಕಲ್ಲು, ಗಿಡ ಎಲ್ಲಕ್ಕೂ ಮಂಜುಗಡ್ಡೆಯ ಹೊದಿಕೆ. ಗುಡ್ಡದ ಮೇಲೆ ಮರಗಳು ಭಾರ ತಾಳದೆ ಒಂದೊಂದಾಗಿ ಮುರಿಯುತ್ತಿದ್ದವು. ಸಲಾಕೆ ಚುಚ್ಚಬೇಕು, ಒಂದು ಹೆಜ್ಜೆ ಇಡಬೇಕು. ಮತ್ತೆ ಚುಚ್ಚಬೇಕು.

ಗುಡ್ಡದ ನೆತ್ತಿ ಸೇರುವಷ್ಟರಲ್ಲಿ ಕೋವಿ ಸಿಡಿದಂಥ ಸದ್ದು! ವಿದ್ಯುತ್ ಕಂಬ ನಡುವಿಗೆ ಮುರಿದು, ತಂತಿ ಚಾಟಿಯ ಹಾಗೆ ಬೀಸಿಕೊಂಡು ಬಂತು. ಅವಳು ಪಕ್ಕಕ್ಕೆ ಬಿದ್ದಳು. ಹಣೆ ಬಂಡೆಗೆ ಬಡಿಯಿತು. ಅವಳು ನಿಂತಿದ್ದ ಜಾಗದಲ್ಲೇ ತಂತಿ ನೆಲಕ್ಕೆ ಅಪ್ಪಳಿಸಿ ಮಂಜುಗಡ್ಡೆಯನ್ನು ಸೀಳಿತು.

ಬಾಯಿಗೆ ರಕ್ತದ ರುಚಿ ಬಂತು. ಮೊಣಕಾಲು ಜಜ್ಜಿತ್ತು.

'ವಾಪಸ್ ಹೋಗ್ಲಾ? ಮುದುಕಿ ನಾನು... ಅವನು ಬಾಗಿಲು ತೆಗೀದೇ ಇದ್ರೆ? ನಾನು ಮಾಡಿದ್ದೇ ಅವನೂ ಮಾಡಿದ್ರೆ?'

'ಮಾಡ್ಲಿ. ಅವನು ಮೂರು ಸಲ ಬಂದಿದ್ದ. ನಾನು ಒಂದು ಸಲನಾದ್ರೂ ಹೋಗ್ಬೇಕು.'

ಏಳಲಾಗಲಿಲ್ಲ. ಅಂಬೆಗಾಲಿಟ್ಟಳು! ಸಲಾಕೆಯನ್ನು ಮುಂದೆ ಚುಚ್ಚಿ, ಮೈಯನ್ನು ಎಳೆದುಕೊಳ್ಳುತ್ತಾ, ಇಳಿಜಾರಿನಲ್ಲಿ ಅರ್ಧ ಜಾರಿ ಅರ್ಧ ಉರುಳಿ ಹೆಡ್ಲಿಯ ಜಗಲಿಗೆ ಬಂದು ಬಿದ್ದಳು. ಕಿಟಕಿಯಲ್ಲಿ ಲಾಂದ್ರದ ಬೆಳಕಿತ್ತು.

ಕಂಬ ಹಿಡಿದು ಎದ್ದು ಬಾಗಿಲು ಬಡಿದಳು.

ಬಾಗಿಲು ತೆರೆಯಿತು. ಹೆಡ್ಲಿ! ಬಿಳಿ ಗಡ್ಡ, ಬಾಗಿದ ಭುಜ. ಅವನ ಕಣ್ಣು ಮೊದಲು ಕಂಡದ್ದು ಕೋಟನ್ನು. ಆಮೇಲೆ ಅದರ ಮೇಲಿನ ಹಸಿ ರಕ್ತವನ್ನು.

"ಅಬ್ನರ್!" ಅವನು ಅವಳ ಕೊರಳಪಟ್ಟಿ ಹಿಡಿದು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. "ಮತ್ತೆ ಯಾರನ್ನ ಬಡಿದು ಬಂದ್ಯೋ ಪಾಪಿ? ಯಾರ ರಕ್ತ ಇದು? ಗುಡ್ಡದ ಆಚೆ ಹೋಗಿದ್ಯಾ? ಫೀನಾಗೇನಾದ್ರೂ ಮಾಡಿದ್ರೆ ನಿನ್ನನ್ನ ಇವತ್ತು ಇಲ್ಲೇ ಕೊಂದು ಸಮುದ್ರಕ್ಕೆ ಹಾಕ್ತೀನಿ!"

ಮುಷ್ಟಿ ಮೇಲೆದ್ದಿತು.

ಪರದೆಯ ಹಿಂದೆ ಅವಳಿಗೆ ಕೇಳಿಸಿದ್ದು ಒಂದೇ ಪದ. ಫೀನಾ! ಆ ಹೆಸರಿನಿಂದ ಅವಳನ್ನು ಕರೆದವನು ಇವನೊಬ್ಬನೇ. ಇಷ್ಟು ವರ್ಷ ಮುಖ ತಿರುಗಿಸಿದವಳಿಗಾಗಿ ಕೊಲೆಗೂ ಸಿದ್ಧವಾಗಿ ನಿಂತಿದ್ದಾನಲ್ಲ ಈ ಮುದುಕ...

ಹೊಡೀಲಿ, ಅಂದುಕೊಂಡಳು. ಕದಲದೆ ನಿಂತಳು.

ಏಟು ಬೀಳಲಿಲ್ಲ.

ಹೆಡ್ಲಿಯ ಮುಷ್ಟಿ ಸಡಿಲವಾಯಿತು. ಕೋಟು ಆ ವೇಷದವರ ಮೊಣಕಾಲಿನವರೆಗೂ ಜೋಲುತ್ತಿತ್ತು.

"ಅಬ್ನರ್ ಆಗಿದ್ರೆ ಇಷ್ಟೊತ್ತಿಗೆ ಅತ್ತು ಕಾಲಿಗೆ ಬೀಳ್ತಿದ್ದ," ಎಂದ ಮೆಲ್ಲಗೆ. "ಏಟು ಬೀಳುತ್ತೆ ಅಂತ ಗೊತ್ತಿದ್ರೂ ಹಿಂದೆ ಸರಿಯದವಳು ಈ ಊರಲ್ಲಿ ಒಬ್ಬಳೇ ಇರೋದು. ಆದ್ರೆ ಅವಳು ಇಲ್ಲಿಗೆ ಬರಲ್ಲ... ಸತ್ರೂ ಬರಲ್ಲ."

"ವೇಷದವರು... ಒಳಗೆ ಬರಬಹುದಾ?" ಉಸಿರು ಒಳಗೆಳೆದುಕೊಂಡು ಕೇಳಲು ಹೋದಳು. ಅರ್ಧದಲ್ಲೇ ಅದು ಬಿಕ್ಕಳಿಕೆಯಾಯಿತು.

ಹೆಡ್ಲಿ ಪರದೆಯ ಅಂಚು ಹಿಡಿದ. "ಪರದೆ ತೆಗೀಲಾ?"

"ತೆಗಿ. ಹೊಡೆಯೋ ಮುಂಚೆ ಮುಖ ನೋಡೋ ಬುದ್ಧಿ ನಿನಗಾದ್ರೂ ಇದೆಯಲ್ಲ."

ಅವನು ಪರದೆ ಎತ್ತಿದ. ಸೀಳಿದ ಹಣೆ, ನೀಲಿಗಟ್ಟಿದ ತುಟಿ, ಕಣ್ಣೀರು. ಹೆಡ್ಲಿ ಅವಳನ್ನು ಎತ್ತಿಕೊಳ್ಳಲು ಹೋಗಿ ಆಗದೆ, ತೋಳು ಹಿಡಿದು ಒಳಗೆ ತಂದು, ಹಗ್ಗ ಬಿಗಿದಿಟ್ಟಿದ್ದ ಮರದ ಪೆಟ್ಟಿಗೆಯ ಮೇಲೆ ಕೂರಿಸಿದ. ಮನೆಯಲ್ಲಿ ಕುರ್ಚಿಯೇ ಉಳಿದಿರಲಿಲ್ಲ.

"ಅಬ್ನರ್ ಎಲ್ಲ ಹೇಳ್ದ," ಅವಳು ಅಂದಳು. "ಅವನ ಮೂಗು ಒಡೆದು ಬಂದಿದೀನಿ. ಅರ್ಧ ಏಟು ನಿಂಗೆ ಅಂತ ಹೊಡೆದಿದ್ದು."

"ನನ್ನ ಪಾಲಿನ ಏಟೂ ತಿಂದ್ನಾ? ಒಳ್ಳೇದಾಯ್ತು."

"ನಗಿಸ್ಬೇಡ ಹೆಡ್ಲಿ! ಬಾಗಿಲ ಆಚೆಯಿಂದ ಕೂಗಿ ಹೇಳಬಹುದಿತ್ತಲ್ಲ ನೀನು?"

ಅವನು ಒದ್ದೆ ಬಟ್ಟೆಯಿಂದ ಅವಳ ಹಣೆ ಒರೆಸುತ್ತಿದ್ದ. "ನಂಗೂ ಹಟ ಇತ್ತು. ತೇಪೆ ಹಾಕಿದವಳು ಕೋಟನ್ನ ನಂಬಿದ್ಲು, ತೊಟ್ಟವನನ್ನ ನಂಬ್ಲಿಲ್ಲ ಅಂತ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರುತ್ತಾ ಫೀನಾ? ಇಬ್ರೂ ಕೊಯ್ಕೊಂಡ್ವಿ."

"ನಾನು ಜಾಸ್ತಿ ಕೊಯ್ದೆ. ನನ್ನ ಕ್ಷಮಿಸು. ಪ್ರೀತಿಸೋದನ್ನ ಮಾತ್ರ ಒಂದು ದಿನವೂ ಬಿಟ್ಟಿರ್ಲಿಲ್ಲ. ಅದಕ್ಕೇ ಅಷ್ಟು ಸಿಟ್ಟು ಬರ್ತಿತ್ತು."

ಹೆಡ್ಲಿ ತಲೆ ತಗ್ಗಿಸಿದ. ಅವನ ಕಣ್ಣಿಂದ ಬಿದ್ದದ್ದು ಬಿಳಿ ತೇಪೆಯ ಮೇಲೆ ಬಿತ್ತು. ಹೊರಗೆ ಇನ್ನೊಂದು ಮರ ಮುರಿಯಿತು. ಇಬ್ಬರೂ ತಿರುಗಿ ನೋಡಲಿಲ್ಲ.

ಗುರುತು ಸಿಕ್ಕ ವೇಷದವರಿಗೆ ಗುಟುಕು ಬಿಸಿ ರಮ್ ಕೊಡದೆ ಕಳಿಸಬಾರದು. ಅವನು ಒಲೆಯ ಮೇಲಿನ ಪಾತ್ರೆಯಿಂದ ಬಗ್ಗಿಸಿ ತಂದು ಅವಳ ಕೈಗಿಟ್ಟ.

"ನಿಂಗೆ?" ಎಂದು ಕೇಳಿದಳು.

"ಹೊರಗಿರೋದು ಒಂದೇ ಲೋಟ. ಮಿಕ್ಕಿದ್ದೆಲ್ಲ ನೀನು ಕೂತಿರೋ ಪೆಟ್ಟಿಗೇಲಿದೆ. ಬೆಳಿಗ್ಗೆ ಹೊರಡ್ಬೇಕಲ್ಲ..." ಅವನು ಅವಳ ಮುಖ ನೋಡಿದ. "ಹೊರಡ್ಬೇಕಾ ಫೀನಾ?"

ಟ್ರೈಫೀನಾ ನೋಯುವ ಮೊಣಕಾಲು ಹಿಡಿದು ಪೆಟ್ಟಿಗೆಯಿಂದ ಮೇಲೆದ್ದಳು.

"ಮನೆ ಮಾರಿದ್ರೆ ಮಾರ್ಕೋ. ಗುಡ್ಡದ ಆಚೆ ನಂದೊಂದು ಮನೆ ಇದೆ, ಅದಕ್ಕೆ ಚಿಲಕ ಹಾಕೋದನ್ನ ಇವತ್ತಿಗೆ ಬಿಟ್ಟೆ," ಎನ್ನುತ್ತಾ ಸಲಾಕೆಯನ್ನು ಪೆಟ್ಟಿಗೆಯ ಹಗ್ಗದ ಗಂಟಿಗೆ ಸಿಕ್ಕಿಸಿ ಅವನ ಕೈಗೆ ಕೊಟ್ಟಳು. "ಎಳಿ. ಇನ್ನೊಂದು ಲೋಟ ತೆಗಿ."