ಕೊಡಬಾರದ ಅನ್ನ

"ನಿಲ್ಲಿಸ್ರಿ! ಏನ್ ಮಾಡಾಕತ್ತೀರಿ ನೀವು?"

ದುರ್ಗಾದೇವಿಯ ಕೂಗಿಗೆ ಕಲ್ಯಾಣ ಮಂಟಪದ ಹಿಂದಿನ ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರನ್ನು ಕೂಗಿದಳೋ ಅವನು ಮಾತ್ರ ತಿರುಗಲಿಲ್ಲ.

ಕೊಪ್ಪಳದ ಏಪ್ರಿಲ್ ಬಿಸಿಲು. ಮಧ್ಯಾಹ್ನ ಮೂರು ಗಂಟೆ. ಸೊಂಟಕ್ಕೆ ಟವೆಲ್ ಬಿಗಿದುಕೊಂಡ ಆ ಅಡುಗೆಯವನು ಗೋದಿ ಹುಗ್ಗಿಯ ದೊಡ್ಡ ಪಾತ್ರೆಯನ್ನು ಓರೆ ಮಾಡಿ, ಕಾಂಪೌಂಡಿನ ಮೂಲೆಯ ಗುಂಡಿಗೆ ಸುರಿಯುತ್ತಿದ್ದ. ಬೆಲ್ಲ, ತುಪ್ಪ, ಗೋಡಂಬಿ... ಅರವತ್ತು ಜನ ಹೊಟ್ಟೆ ತುಂಬ ಉಣ್ಣುವಷ್ಟು ಹುಗ್ಗಿ ಮಣ್ಣುಪಾಲು!

"ನಿಮಗ ಹೇಳಾಕತ್ತೀನಿ! ಹುಡುಗಿ ಕಾಕಾರು ಫೋನ್ ಮಾಡಿ ಕರೆದಾರ. ಉಳಿದಿದ್ದೆಲ್ಲಾ ನಮ್ಮ ಬಳಗಕ್ಕ ಅಂತ ಮಾತಾಗೈತಿ."

ಅವನು ತಲೆ ಎತ್ತಿದ. ಬೆಂಕಿಯ ಮುಂದೆ ವರ್ಷಗಟ್ಟಲೆ ನಿಂತು ಕಂದಿದ ಮುಖ. ಕಣ್ಣುಗಳು ಮಾತ್ರ ತಣ್ಣಗಿದ್ದವು.

"ಇದು ಕೊಡಾಕ ಬರಂಗಿಲ್ರಿ ಮೇಡಂ."

"ಯಾಕ ಬರಂಗಿಲ್ಲ?"

ಅವನ ದೃಷ್ಟಿ ಒಮ್ಮೆ ಮಂಟಪದ ಬಾಗಿಲ ಕಡೆ ಹೋಯಿತು. ಅಲ್ಲಿ ಹುಡುಗಿಯ ತಂದೆ ಬೀಗರ ಕೈಗೆ ಎಲೆ ಅಡಿಕೆ ಕೊಡುತ್ತ, ಬಾಗಿ ಬಾಗಿ ನಗುತ್ತ ನಿಂತಿದ್ದರು.

"ಬರಂಗಿಲ್ಲ ಅಂದ್ರ ಬರಂಗಿಲ್ರಿ. ಹೋಗ್ರಿ ನೀವು."

ದುರ್ಗಾಳ ಮೈ ಉರಿದುಹೋಯಿತು. 'ಎಷ್ಟು ಸೊಕ್ಕು!' ಅವಳು ಮೊಬೈಲ್ ತೆಗೆದು ವಿಡಿಯೊ ಮಾಡತೊಡಗಿದಳು. ಅವನು ನೋಡಿದ. ತಡೆಯಲಿಲ್ಲ. ಪಾತ್ರೆಯ ತಳ ಕೆರೆದು ಕೊನೆಯ ಸೌಟನ್ನೂ ಗುಂಡಿಗೆ ಹಾಕಿ, ಮೇಲೆ ಮಣ್ಣು ಎಳೆದ.

ಅವಳಿಗೆ ಅನ್ನ ಚೆಲ್ಲುವುದನ್ನು ನೋಡಲಾಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ತಾಯಿ ಕನಕಮ್ಮ ಮದುವೆ ಮನೆಗಳಲ್ಲಿ ಪಾತ್ರೆ ತಿಕ್ಕಿ ಮಗಳನ್ನು ಬೆಳೆಸಿದವಳು. ಆ ದಿನಗಳಲ್ಲಿ ಸಂಜೆ ತಾಯಿಯ ಸೆರಗಿನಲ್ಲಿ ಬಂದ ಚಪಾತಿ, ಬುಂದಿಯೇ ಊಟ. ಈಗ ದುರ್ಗಾ ತಾಲೂಕು ಪಂಚಾಯ್ತಿಯಲ್ಲಿ ಗುಮಾಸ್ತೆ. ವಯಸ್ಸು ಮೂವತ್ತೆರಡು. ಮೂರು ವರ್ಷದ ಹಿಂದೆ 'ಅನ್ನದ ಬಳಗ' ಕಟ್ಟಿದ್ದಳು. ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಉಳಿದ ಊಟವನ್ನು ಉಮರಸಾಬ್ ಕಾಕಾನ ಟಂಟಂ ಗಾಡಿಯಲ್ಲಿ ಹೇರಿಕೊಂಡು, ಆಸ್ಪತ್ರೆಯ ಬಳಿ ರೋಗಿಗಳ ಕಡೆಯವರಿಗೆ, ಇಟ್ಟಿಗೆ ಭಟ್ಟಿಯ ಕೂಲಿಗಳಿಗೆ ಮುಟ್ಟಿಸುವುದು ಅದರ ಕೆಲಸ.

ಆ ಸಂಜೆ ಗಾಡಿ ಆಸ್ಪತ್ರೆಯ ಮುಂದೆ ಬರಿದೇ ಹೋಗಿ ನಿಂತಾಗ, ತಟ್ಟೆ ಹಿಡಿದು ಕೂತಿದ್ದ ಮುದುಕಿಯೊಬ್ಬಳು ಕೇಳಿದಳು, "ಇವತ್ತು ಇಲ್ಲೇನವಾ?"

"ಇಲ್ಲಬೇ..." ಎಂದಳು ದುರ್ಗಾ.

ಮುದುಕಿ ತಟ್ಟೆಯನ್ನು ಸೀರೆಯ ಅಂಚಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು.

ದುರ್ಗಾ ಅಲ್ಲೇ ಗಾಡಿಯಲ್ಲಿ ಕೂತು ವಿಡಿಯೊವನ್ನು ಬಳಗದ ಗ್ರೂಪಿಗೆ ಹಾಕಿದಳು. ಮಂಟಪದವರಿಂದ ಕೇಳಿ ತಿಳಿದ ಹೆಸರನ್ನೂ ಸೇರಿಸಿ ಕೆಳಗೆ ಬರೆದಳು: 'ಹಸಿದವರ ಅನ್ನಕ್ಕೆ ಮಣ್ಣು ಹಾಕಿದ ಅಡುಗೆಯವನು. ಹೆಸರು ಹನುಮೇಶ, ಗಂಗಾವತಿ.'

ಎರಡೇ ದಿನದಲ್ಲಿ ವಿಡಿಯೊ ಕುಷ್ಟಗಿ, ಯಲಬುರ್ಗಾ ದಾಟಿ ಊರೂರು ಸುತ್ತಿತು. ಹನುಮೇಶನ ಕೈಯಲ್ಲಿದ್ದ ಮದುವೆಗಳು ಒಂದೊಂದಾಗಿ ಬೇರೆಯವರ ಪಾಲಾದವು. ಅವನು ಯಾರಿಗೂ ಒಂದು ಮಾತೂ ಹೇಳಲಿಲ್ಲ.

*

ಮೇ ಕೊನೆಯ ವಾರ ಕುಷ್ಟಗಿಯ ಮದುವೆಯೊಂದರಲ್ಲಿ ದುರ್ಗಾ ಅವನನ್ನು ಮತ್ತೆ ಕಂಡಳು. ಯಾರದೋ ಕೈಕೆಳಗೆ ಕೂತು ಈರುಳ್ಳಿ ಹೆಚ್ಚುತ್ತಿದ್ದ!

'ನಾನೇ ಇವನನ್ನು ಇಲ್ಲಿಗೆ ತಂದೆನಾ?' ಮರುಕ್ಷಣವೇ ಆ ಮುದುಕಿಯ ತಟ್ಟೆ ನೆನಪಾಗಿ ಮನಸ್ಸು ಗಟ್ಟಿ ಮಾಡಿಕೊಂಡಳು.

ಉಮರಸಾಬ್ ಅನ್ನದ ಪಾತ್ರೆ ಗಾಡಿಗೇರಿಸುವಾಗ ಹನುಮೇಶ ಓಡಿ ಬಂದ.

"ಮೇಡಂ, ಆ ಅನ್ನ ಒಯ್ಯಬ್ಯಾಡ್ರಿ. ನಸುಕಿನ್ಯಾಗ ಬಸಿದಿದ್ದು, ಬಿಸಿ ಬಿಸಿ ಮುಚ್ಚಿಟ್ಟಾರ. ಅಡಗಿ ಹಿರಿಯಾಗೂ ಹೇಳೀನಿ, ಕೇಳವಲ್ಲ."

"ಸೇಡು ತೀರಿಸ್ಕೊಳ್ಳಾಕ ಹೊಂಟೀರೇನ್ರಿ? ಅಲ್ಲಿ ಭಟ್ಟ್ಯಾಗ ನಲವತ್ತು ಹುಡುಗ್ರು ದಾರಿ ಕಾಯಾಕತ್ತಾವ. ಕಾಕಾ, ನಡೀರಿ!"

ಗಾಡಿ ಯಲಬುರ್ಗಾ ದಾರಿ ಹಿಡಿಯಿತು. ಇಟ್ಟಿಗೆ ಭಟ್ಟಿಯ ಬೇವಿನ ಮರದಡಿ ಮಕ್ಕಳು ಆಗಲೇ ಸಾಲಾಗಿ ಕೂತಿದ್ದವು. ದುರ್ಗಾ ಮೊದಲ ಸೌಟು ಎತ್ತಬೇಕು, ಅಷ್ಟರಲ್ಲಿ ಧೂಳೆಬ್ಬಿಸುತ್ತ ಬೈಕೊಂದು ಬಂದು ನಿಂತಿತು. ಹನುಮೇಶ!

"ನೀಡಬ್ಯಾಡ್ರಿ!"

"ಇಲ್ಲಿ ತನಕಾ ಬಂದ್ರಾ ನೀವು? ನಾಚಿಕಿ ಆಗಂಗಿಲ್ಲೇನು?"

"ಬೈರಿ. ಎಷ್ಟು ಬೇಕಷ್ಟು ಬೈರಿ." ಅವನು ಬೈಕಿನಿಂದ ಇಳಿದು ಪಾತ್ರೆಗೆ ಅಡ್ಡ ನಿಂತ. "ಮೊದಲ ಆ ಡಬರಿ ನಟ್ಟನಡುವ ಕೈ ಹಾಕಿ ನೋಡ್ರಿ. ಮ್ಯಾಲಲ್ಲ, ನಡುವ."

ಆ ಕಣ್ಣುಗಳಲ್ಲಿ ಅವಳು ಸೇಡನ್ನು ಹುಡುಕಿದಳು. ಅಲ್ಲಿದ್ದದ್ದು ಭಯ!

ದುರ್ಗಾ ಮೊಣಕೈವರೆಗೆ ಕೈ ಇಳಿಸಿದಳು. ಒಳಗೆ ಅನ್ನ ಇನ್ನೂ ಬೆಚ್ಚಗಿತ್ತು, ಜಿಗುಟಾಗಿತ್ತು. ಮುಷ್ಟಿ ಹಿಡಿದು ಮೇಲೆತ್ತಿದರೆ... ಬೆರಳಿನಿಂದ ಬೆರಳಿಗೆ ತೆಳ್ಳನೆಯ ಎಳೆ. ಹುಳಿ ವಾಸನೆ ಆಗ ಮೂಗಿಗೆ ಬಡಿಯಿತು.

ಖಾಲಿ ತಟ್ಟೆ ಹಿಡಿದ ಮಕ್ಕಳು ಅವಳ ಮುಖವನ್ನೇ ನೋಡುತ್ತಿದ್ದವು.

"ಆವತ್ತಿನ ಹುಗ್ಗಿ...?"

"ಹಾಲು ಹಾಕಿದ್ದು. ಎರಡನೇ ಪಂಕ್ತಿ ಮುಗಿಯೂದ್ರಾಗ ಕೆಟ್ಟಿತ್ತು. ಸುದೈವ, ಆ ಡಬರಿ ಇನ್ನೂ ಯಾರಿಗೂ ನೀಡಿರಲಿಲ್ಲ."

"ಬಾಯಿ ಬಿಟ್ಟು ಹೇಳಬಾರದಿತ್ತೇನ್ರಿ ನನಗ!"

"ಬೀಗರು ಅಲ್ಲೇ ನಿಂತಿದ್ರು ಮೇಡಂ. ಹೆಣ್ಣಿನ ಕಡೆಯವರ ಊಟ ಕೆಟ್ಟೈತಿ ಅಂತ ಬಾಯಿಂದ ಬಾಯಿಗೆ ಹೋದ್ರ, ಆ ಹುಡುಗಿ ಆ ಮನ್ಯಾಗ ಜನ್ಮಾ ಪೂರ್ತಿ ಆ ಮಾತು ಕೇಳಬೇಕು."

"ವಿಡಿಯೊ ಹಾಕಿದ ಮ್ಯಾಲಾದ್ರೂ..."

"ಆಗ ಹೇಳಿದ್ರೂ ಅದ ಅಲ್ಲೇನ್ರಿ?"

ಅವನು ಭಟ್ಟಿಯವರಲ್ಲಿ ಅಕ್ಕಿ, ಬೇಳೆ ಕೇಳಿ, ಮೂರು ಕಲ್ಲು ಹೂಡಿ ಒಲೆ ಹಚ್ಚಿದ. ಒಂದು ತಾಸಿನಲ್ಲಿ ನಲವತ್ತು ತಟ್ಟೆಗಳಲ್ಲಿ ಬಿಸಿ ಖಿಚಡಿ ಹಬೆಯಾಡಿತು. ದುರ್ಗಾ ಗಾಡಿಯ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಮನೆಗೆ ಬಂದವಳೇ ವಿಡಿಯೊ ಅಳಿಸಿ ಬರೆದಳು: 'ಹನುಮೇಶ ಅವರ ಮೇಲೆ ನಾನು ಹೊರಿಸಿದ್ದು ಸುಳ್ಳು ಅಪವಾದ. ತಪ್ಪು ಪೂರ್ತಿ ನನ್ನದು.' ಯಾಕೆ, ಏನಾಗಿತ್ತು ಎಂದು ನೂರಾರು ಜನ ಕೇಳಿದರು. ಅವಳು ಕಾರಣ ಹೇಳಲಿಲ್ಲ. ಹೇಳಿದ್ದರೆ ಅವನು ಕಾಪಾಡಿದ ಆ ಹುಡುಗಿಯ ಮರ್ಯಾದೆ ಹೋಗುತ್ತಿತ್ತು. ಕೆಲವರು ಛೀಮಾರಿ ಹಾಕಿ ಬಳಗ ಬಿಟ್ಟರು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

*

ಹನುಮೇಶ ಬಳಗಕ್ಕೆ ತಾನಾಗಿಯೇ ಬಂದ. ಒಂದು ಭಾನುವಾರ ಅವರ ತಗಡಿನ ಶೆಡ್ಡಿನಲ್ಲಿ ಬಂದು ನಿಂತು, "ಕಲಿಸಿಕೊಡ್ಲೇನ್ರಿ?" ಎಂದ, ಅಷ್ಟೇ.

ಅಂದಿನಿಂದ ಅನ್ನ ಇಳಿಸಿದ ಹೊತ್ತನ್ನು ಪಾತ್ರೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯತೊಡಗಿದರು. ಅನ್ನವನ್ನು ಮುಚ್ಚಿಡದೆ ಅಗಲ ಪರಾತಗಳಲ್ಲಿ ಹರವಿ ಆರಿಸಿದರು. ಹಾಲಿನ ಪದಾರ್ಥ ಮಧ್ಯಾಹ್ನದ ಮೇಲೆ ಮುಟ್ಟಲಿಲ್ಲ. ಹೊತ್ತು ಮೀರಿದ್ದನ್ನು, ಎಷ್ಟೇ ಕರುಳು ಚುರ್ರೆಂದರೂ, ಗುಂಡಿಗೆ ಹಾಕಿದರು. ಹಾಗೆ ಹಾಕುವುದನ್ನು ದುರ್ಗಾ ಈಗ ಕಲಿತಿದ್ದಳು.

ಎಲ್ಲಕ್ಕಿಂತ ಮೊದಲು ಹನುಮೇಶ ಪ್ರತಿ ಪಾತ್ರೆಯಿಂದ ಒಂದು ತುತ್ತು ತಾನು ಉಣ್ಣುತ್ತಿದ್ದ.

"ನಿಮಗೇನಾರ ಆದ್ರ?" ಒಮ್ಮೆ ಅವಳು ಕೇಳಿದಳು.

"ನನಗಷ್ಟ ಆಗ್ಲಿ ಬಿಡ್ರಿ."

ಎಷ್ಟು ಸಹಜವಾಗಿ ಹೇಳಿದ! ಆ ರಾತ್ರಿಯೆಲ್ಲ ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಆಡಿತು. 'ಇವನಿಗೆ ತನ್ನ ಜೀವದ ಮೇಲೆ ಇಷ್ಟು ಬೇಸರ ಯಾಕೆ?'

ಮಳೆಗಾಲ ಕಳೆದು ಚಳಿ ಬಂತು. ಅವನ ಬೈಕಿನ ಸದ್ದು ಕೇಳಿದರೆ ಅವಳ ಕೈ ತಾನಾಗಿ ಕೂದಲು ಸರಿಪಡಿಸಿಕೊಳ್ಳುತ್ತಿತ್ತು. ಕನಕಮ್ಮನಿಗೆ ಇದು ಗೊತ್ತಾಗದೆ ಇರುತ್ತದೆಯೇ?

"ದುರ್ಗಿ, ಆ ಹುಡುಗನ್ನ ಮನಿಗೆ ಕರಿ. ಮಾತಾಡೂಣು."

ಕೊನೆಗೆ ಅವಳೇ ಕೇಳಿಬಿಟ್ಟಳು. ಶೆಡ್ಡಿನಲ್ಲಿ ಪರಾತ ಒರೆಸುತ್ತಿದ್ದವನ ಎದುರು ನಿಂತು, "ನನ್ನ ಮದುವಿ ಆಗ್ತೀರೇನು?"

ಹನುಮೇಶನ ಕೈ ನಿಂತಿತು. ಮುಖದಲ್ಲಿ ಒಂದು ಗಳಿಗೆ ಬೆಳಕು ಮೂಡಿ, ಹಾಗೇ ಆರಿತು.

"ಮಂಗಳೂರಾಗ ರೇಣುಕಮ್ಮ ಅಂತ ಅದಾಳ್ರಿ. ಯಲಬುರ್ಗಾ ಕಡೆ ಮಂಗಳೂರು. ಐದು ವರ್ಷದ ಹಿಂದ ನನ್ನ ಕೂಡ ಪಾತ್ರಿ ತಿಕ್ಕಾಕ ಬರ್ತಿದ್ಲು. ಒಂದಿನ ಮದುವಿ ಮುಗಿದ ಮ್ಯಾಲೆ ಆಕಿಗೆ ಡಬ್ಬಿ ತುಂಬ ಪಾಯಸ ಕೊಟ್ಟೆ. ಅದನ್ನ ಉಂಡು ಆಕಿ ಮಗಳು... ಮೇಘಾ ಅಂತ... ನಾಲ್ಕು ವರ್ಷದ ಕೂಸು..."

ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ.

"ಈ ಕೈಯಿಂದನ ಕೊಟ್ಟೆ. ಈ ಕೈ ನಿಮ್ಮ ಕೈ ಹ್ಯಾಂಗ ಹಿಡಿಬೇಕ್ರಿ?"

ಅವನು ಹೊರಟುಹೋದ. ಮರುದಿನದಿಂದ ದುರ್ಗಾ ಕಚೇರಿಯಲ್ಲಿರುವ ಹೊತ್ತು ನೋಡಿ ಬಂದು, ಪಾತ್ರೆ ತೊಳೆದಿಟ್ಟು, ಅವಳು ಬರುವಷ್ಟರಲ್ಲಿ ಮಾಯವಾಗುತ್ತಿದ್ದ.

*

ಹತ್ತು ದಿನ ತಡೆದಳು ದುರ್ಗಾ. ಹನ್ನೊಂದನೆಯ ದಿನ ರಜೆ ಹಾಕಿ, ಉಮರಸಾಬ್ ಕಾಕಾನನ್ನು ಕರೆದುಕೊಂಡು ಮಂಗಳೂರಿಗೆ ಹೋದಳು. ಏನು ಕೇಳಬೇಕು ಎಂಬುದು ಅವಳಿಗೇ ಗೊತ್ತಿರಲಿಲ್ಲ. ಅವನು ಹೊತ್ತ ಭಾರ ಯಾವ ಮನೆಯದು ಎಂದು ಒಮ್ಮೆ ನೋಡಬೇಕೆನಿಸಿತ್ತು, ಅಷ್ಟೇ.

ರೇಣುಕಮ್ಮ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಹನುಮೇಶನ ಹೆಸರು ಕೇಳಿದ್ದೇ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು.

"ವರ್ಷಾ ಬರ್ತಾನವಾ, ಕೂಸು ಹೋದ ದಿನ. ಹೊಸ್ತಿಲ ದಾಟಂಗಿಲ್ಲ. ಒಂದು ಗುಟುಕು ನೀರು ಕುಡಿಯಂಗಿಲ್ಲ. ಅಂಗಳದಾಗ ಕೈ ಮುಗದು ಹೋಗ್ತಾನ. ನಾ ಬಾಗಿಲ ಮರಿಗೆ ನಿಂತು ನೋಡ್ತೀನಿ. ಮುಂದ ಬಂದು ಆತನ ಕಣ್ಣಾಗ ಕಣ್ಣಿಟ್ಟು ನೋಡಾಕ ನನಗ ಮಾರಿ ಇಲ್ಲ."

"ನಿಮಗ್ಯಾಕಬೇ ಮಾರಿ ಇಲ್ಲ?"

ರೇಣುಕಮ್ಮ ಕೆಳಗೆ ಬಿದ್ದ ಕಾಯಿಯನ್ನು ಹೆಕ್ಕಿ ಪಕ್ಕಕ್ಕಿಟ್ಟಳು.

"ಪಾಯಸ ಕೊಡುವಾಗ ಆತ ಹೇಳಿದ್ದ... 'ಯಕ್ಕಾ, ಹೋದಕೂಡ್ಲೆ ಉಣ್ಣಸು, ಇಡಬ್ಯಾಡ' ಅಂತ. ನಾ ಇಟ್ಟೆನವಾ. ಮರುದಿನ ನನ್ನ ಮೇಘಾ ಹುಟ್ಟಿದ ದಿನ ಇತ್ತು. ಸಿಹಿ ಮಾಡಾಕ ಮನ್ಯಾಗ ಬೆಲ್ಲ ಸೈತ ಇರಲಿಲ್ಲ. ಡಬ್ಬಿ ಬಿಗಿ ಮುಚ್ಚಿ ಇಟ್ಟೆ, ಮುಂಜಾನಿ ಉಣ್ಣಿಸಿದೆ... ಎಲ್ಲಾರೂ ಅಡಗಿಯವನ್ನ ಬೈದ್ರು. ನಾ ಬಾಯಿ ಬಿಡಲಿಲ್ಲ. ಇವತ್ತಿನ ತನಕಾ ಬಿಟ್ಟಿಲ್ಲ."

ದುರ್ಗಾ ಅವಳ ಕೈ ಹಿಡಿದು ಕೂತಳು. 'ಬಂದು ಅವನಿಗೆ ಹೇಳಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಮಗಳನ್ನು ಕಳೆದುಕೊಂಡ ತಾಯಿಯ ಮುಂದೆ ತನ್ನ ಸುಖಕ್ಕಾಗಿ ಏನನ್ನು ಕೇಳುವುದು? ಅವಳು ನಮಸ್ಕರಿಸಿ ಎದ್ದಳು.

ಗಾಡಿ ಶುರುವಾಗುವಾಗ ಹಿಂದಿನಿಂದ ದನಿ ಬಂತು.

"ನಿಲ್ಲವಾ... ನಾನೂ ಬರ್ತೀನಿ."

*

ಅವರು ಕೊಪ್ಪಳ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ದುರ್ಗಾ ಕಚೇರಿಯಲ್ಲಿದ್ದಾಳೆಂದೇ ತಿಳಿದು ಹನುಮೇಶ, ಎಲ್ಲೂ ಮದುವೆ ಇಲ್ಲದ ಆ ದಿನ, ಭಟ್ಟಿಯ ಮಕ್ಕಳಿಗೆಂದು ಶೆಡ್ಡಿನಲ್ಲೇ ಅನ್ನ, ಸಾರು ಮಾಡುತ್ತಿದ್ದ. ಬಾಗಿಲಲ್ಲಿ ರೇಣುಕಮ್ಮನನ್ನು ಕಂಡು ಕೈಯಲ್ಲಿದ್ದ ಸೌಟು ಹಿಡಿದಂತೆಯೇ ನಿಂತ.

ರೇಣುಕಮ್ಮ ಎಲ್ಲ ಹೇಳಿದಳು. ಅಳದೆ, ತಡವರಿಸದೆ, ಐದು ವರ್ಷ ಎದೆಯೊಳಗೆ ಬಾಯಿಪಾಠ ಮಾಡಿಕೊಂಡವಳಂತೆ ಹೇಳಿದಳು. ದುರ್ಗಾ ಹೊರಗೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. 'ಈಗ ಕೂಗಾಡುತ್ತಾನಾ? ಐದು ವರ್ಷ ನನ್ನನ್ನು ಸುಟ್ಟೆಯಲ್ಲ ಎನ್ನುತ್ತಾನಾ?'

ಹನುಮೇಶ ಸೌಟು ಕೆಳಗಿಟ್ಟು ಅವಳ ಎದುರು ನೆಲದ ಮೇಲೆ ಕೂತ. ಅವನ ಬಾಯಿಂದ ಬಂದದ್ದು ಒಂದೇ ಮಾತು.

"ಇಷ್ಟು ವರ್ಷ... ನೀ ಒಬ್ಬಾಕೀನ ಇದನ್ನ ಹೊತ್ತಿದ್ದೇನ ಯಕ್ಕಾ?"

ಆಗ ರೇಣುಕಮ್ಮ ಅತ್ತಳು. ಗೋಳೋ ಎಂದು ಅತ್ತಳು. ಅವನೂ ಅತ್ತ. ಉಮರಸಾಬ್ ಟೋಪಿ ತೆಗೆದು ಕಣ್ಣೊರೆಸಿಕೊಂಡ.

ಕೂಸು ತಿರುಗಿ ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಅತ್ತು ಹಗುರಾದ ಮೇಲೆ ರೇಣುಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಹಸಿವಾಗೈತಿ ತಮ್ಮಾ. ಏನ್ ಐತಿ, ನೀಡು" ಎಂದಳು.

ಅವನು ಬಿಸಿ ಅನ್ನ, ಸಾರು ನೀಡಿದ. ಅವಳು ಉಂಡಳು. ಎರಡನೇ ಸಲ ಕೇಳಿ ಹಾಕಿಸಿಕೊಂಡು ಉಂಡಳು.

ಉಮರಸಾಬ್ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಬಿಸಿಲು ತಗಡಿನ ಸಂದಿಯಿಂದ ನೆಲಕ್ಕೆ ಬಿದ್ದಿತ್ತು.

"ನನ್ನ ಕೇಳದ ಅಲ್ಲಿಗೆ ಹೋಗಿದ್ರಿ" ಎಂದ ಹನುಮೇಶ.

"ಹೌದು. ಸಿಟ್ಟಾ?"

"ಇಲ್ರಿ..." ಅವನು ಅವಳ ಕಡೆ ನೋಡಿದ. ಆ ಕಣ್ಣುಗಳಲ್ಲಿ ದಣಿವಿತ್ತು. ದಣಿವಿನ ಆಚೆಗೆ, ಬಹಳ ದಿನದ ಮೇಲೆ ಬಾಗಿಲು ತೆರೆದ ಮನೆಯಂಥ ಒಂದು ನಿರಾಳವಿತ್ತು. "ಆವತ್ತು ನೀವು ಕೇಳಿದ್ದಕ್ಕ ನಾ ಉತ್ತರಾ ಕೊಡಲಿಲ್ಲ."

ದುರ್ಗಾ ಒಂದು ಹೆಜ್ಜೆ ಮುಂದೆ ಬಂದಳು. "ಈಗ ಕೊಡ್ತೀರೇನು?"

"ನಿಮ್ಮ ಮ್ಯಾಲೆ ಜೀವ ಇಟ್ಟು ಭಾಳ ದಿನ ಆತ್ರಿ. ಹೇಳಾಕ ಹೆದರಿಕಿ ಇತ್ತು."

ಅವಳು ಕೈ ಚಾಚಿದಳು. ಅವನು ಟವೆಲ್ಲಿನಲ್ಲಿ ತನ್ನ ಅಂಗೈ ಒರೆಸಿಕೊಂಡು, ಮತ್ತೊಮ್ಮೆ ಒರೆಸಿಕೊಂಡು, ಮೆಲ್ಲಗೆ ಹಿಡಿದ. ಎಣ್ಣೆ ಸಿಡಿದ ಕಲೆಗಳಿದ್ದ ಒರಟು ಕೈ. ಬೆಚ್ಚಗಿತ್ತು.

"ನಮ್ಮ ಮದುವಿಗೆ ಅಡಗಿ ಯಾರು ಮಾಡ್ತಾರ?" ಕಣ್ಣೀರಿನ ನಡುವೆಯೇ ಕೇಳಿದಳು ದುರ್ಗಾ.

"ನಾನ ಮಾಡ್ತೀನಿ. ಎಷ್ಟು ಮಂದಿ ಬರ್ತಾರೋ ಅಷ್ಟಕ್ಕ. ಒಂದು ಅಗಳೂ ಉಳಿಬಾರದು."

"ಉಳಿದ್ರ?"

ಹನುಮೇಶ ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು.

"ಉಳಿದ್ರ, ತಾಳಿ ಕಟ್ಟಿಸ್ಕೊಂಡಾಕಿ ಗಾಡಿ ತಗೊಂಡು ಬರ್ತಾಳಲ್ಲ... ಆಕಿ ಕೂಡ ನಾನೂ ಹತ್ತತೀನಿ."